ಗುಬ್ಬಿ ‘ಗಬಬ’ ಆದದ್ದು ಹೇಗೆ

‘ಗುಬ್ಬಿ’ ಎಂದು ಕೊಟ್ಟರೆ ‘ಗಬಬ’ ಎಂದು ಬರುತ್ತದೆ. ‘ಕುಣಿಗಲ್’ ಹೋಗಿ ‘ಕಣಗಲ’, ‘ತುಮಕೂರು’ ಹೋಗಿ ‘ತಮಕರ’. ನಾನು ಬಾಡಿಗೆಗಿರುವ ‘ಶಿರಾ ಗೇಟ್’ ‘ಶರ-ಗಟ’ ಆಗುತ್ತದೆ. ಇದು ಡಿಟಿಪಿ ಅಂಗಡಿಯ ಹುಡುಗನ ಅವಸರವಲ್ಲ, ವೈರಸ್ಸೂ ಅಲ್ಲ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜ್ಯಾಂಗೊ ಎಂಬ ವೆಬ್ ಫ್ರೇಮ್‌ವರ್ಕ್ ತನ್ನ ನಿಯಮಗಳಿಗೆ ತಪ್ಪದೆ ನಡೆದುಕೊಂಡಾಗ ಬರುವ ಫಲ.

ವೆಬ್‌ನ ಪ್ರತಿ ಪುಟಕ್ಕೂ ಒಂದು ವಿಳಾಸ ಬೇಕು. ಶೀರ್ಷಿಕೆಯನ್ನು ವಿಳಾಸಕ್ಕೆ ಒಗ್ಗುವಂತೆ ಕತ್ತರಿಸಿ ಕೊಡಲು ಜ್ಯಾಂಗೊದಲ್ಲಿ ‘ಸ್ಲಗಿಫೈ’ ಎಂಬ ಸಣ್ಣ ಸಲಕರಣೆಯಿದೆ. ಸುಮ್ಮನೆ ಕೊಟ್ಟರೆ ಅದು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಅಳಿಸುತ್ತದೆ. ಅಂದರೆ ಗುಬ್ಬಿ ಪೂರ್ತಿ ಮಾಯ. ‘ಯುನಿಕೋಡ್ ಅಕ್ಷರಗಳೂ ಇರಲಿ’ ಎಂದು ಹೇಳಿಕೊಟ್ಟರೆ ಅಕ್ಷರಗಳನ್ನು ಉಳಿಸುತ್ತದೆ. ಆದರೆ ಅದರ ಲೆಕ್ಕದಲ್ಲಿ ಅಕ್ಷರ ಎಂದರೆ ಗ ಮತ್ತು ಬ ಮಾತ್ರ. ಕೊಂಬು, ಗುಡಿಸು, ಒತ್ತಿಗೆ ಬೇಕಾದ ವಿರಾಮ ಇವು ಅಕ್ಷರಗಳಲ್ಲ, ಗುರುತುಗಳು. ಹಾಗಾಗಿ ಕಸದ ಬುಟ್ಟಿಗೆ ಹೋಗುತ್ತವೆ. ‘ಗು’ ಒಂದು ಗುಣಿತಾಕ್ಷರ, ಬಿಡಿಸಲಾಗದ ಒಂದು ಅಕ್ಷರ ಎಂದು ಒಂದನೇ ತರಗತಿಯಲ್ಲಿ ಕಲಿತ ನಮಗೆ ಇದು ವಿಚಿತ್ರ. ಆದರೆ ವಿಚಿತ್ರಕ್ಕೂ ಚರಿತ್ರೆ ಇರುತ್ತದೆ. ಈ ಚರಿತ್ರೆಯ ಒಂದು ತುದಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ಪತ್ರಿಕಾ ಕಚೇರಿಯಲ್ಲಿದೆ, ಇನ್ನೊಂದು ನಮ್ಮ ಬೆರಳಚ್ಚು ಅಂಗಡಿಗಳಲ್ಲಿ.

ಮೊದಲು ಫ್ರೇಮ್‌ವರ್ಕ್ ಎಂದರೇನು ಎಂಬುದು. ಸಾಹಿತ್ಯದ ವಿದ್ಯಾರ್ಥಿಗೆ ಇದನ್ನು ವಿವರಿಸಲು ಗುಬ್ಬಿಗಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ. 1884ರಲ್ಲಿ ಅಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಹೆಸರಿನಲ್ಲಿ ನಾಡೆಲ್ಲ ತಿರುಗಿದ ನಾಟಕ ಕಂಪನಿಯನ್ನು ನೆನೆಯಿರಿ. ಕಂಪನಿ ನಾಟಕಗಳಿಗೆ ಸಿದ್ಧ ಪರದೆಗಳಿದ್ದವು. ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆ. ಹೊಸ ನಾಟಕ ಬಂದಾಗಲೆಲ್ಲ ಹೊಸ ಕಾಡು ಬರೆಸುತ್ತಿರಲಿಲ್ಲ. ರಾಜ ಪ್ರವೇಶಿಸುವ ಬದಿ, ಹಾಸ್ಯದವನು ಬರುವ ಹೊತ್ತು, ಹಾರ್ಮೋನಿಯಂ ಮೇಸ್ತ್ರಿಯ ಜಾಗ ಎಲ್ಲ ಗೊತ್ತಿದ್ದ ಸಂಗತಿ. ನಾಟಕಕಾರ ತನ್ನ ಕತೆಯನ್ನು ತಂದರೆ ಸಾಕು, ಉಳಿದದ್ದು ಪೆಟ್ಟಿಗೆಯಲ್ಲಿ ಸಿದ್ಧವಾಗಿತ್ತು. ವೆಬ್ ಫ್ರೇಮ್‌ವರ್ಕ್ ಎಂದರೆ ಇಂಥ ಪೆಟ್ಟಿಗೆ. ಲಾಗಿನ್ ಪುಟ, ದತ್ತಾಂಶ ಇಡುವ ಕಪಾಟು, ವಿಳಾಸಕ್ಕೆ ತಕ್ಕ ಪುಟ ತೋರಿಸುವ ವ್ಯವಸ್ಥೆ, ಕಳ್ಳರನ್ನು ತಡೆಯುವ ಬೇಲಿ, ಎಲ್ಲರಿಗೂ ಬೇಕಾಗುವ ಇಂಥವನ್ನು ಮೊದಲೇ ಕಟ್ಟಿಟ್ಟಿರುತ್ತಾರೆ. ಅನುಕೂಲದ ಜೊತೆಗೇ ಒಂದು ಕಟ್ಟುಪಾಡೂ ಬರುತ್ತದೆ. ಪೆಟ್ಟಿಗೆಯಲ್ಲಿಲ್ಲದ ಪರದೆ ಬೇಕಾದರೆ ನೀವೇ ಬರೆಸಬೇಕು. 1934ರ ‘ಕುರುಕ್ಷೇತ್ರ’ದಲ್ಲಿ ವೀರಣ್ಣನವರು ಆನೆ, ಕುದುರೆಗಳನ್ನೇ ರಂಗಕ್ಕೆ ತಂದದ್ದು ಇಂದಿಗೂ ಮಾತಿನಲ್ಲಿದೆ. ಆನೆಗೆ ಜಾಗ ಮಾಡಲು ರಂಗವನ್ನೇ ಹಿಗ್ಗಿಸಬೇಕಾಗಿತ್ತಲ್ಲವೆ?

ಚೌಕಟ್ಟು ಒಳಗಿನ ಪಠ್ಯವನ್ನು ಬದಲಿಸುತ್ತದೆ ಎಂಬುದಕ್ಕೂ ಈ ಜಿಲ್ಲೆಯಲ್ಲೇ ಹಳೆಯ ಸಾಕ್ಷಿಯಿದೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿನ ತೋಂಟದ ಸಿದ್ಧಲಿಂಗರ ಪರಂಪರೆಯವರು, ತುಮಕೂರಿನ ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯರು, ‘ಶೂನ್ಯಸಂಪಾದನೆ’ಯ ಒಂದು ಪಾಠವನ್ನು ಕಟ್ಟಿದವರು. ಬಿಡಿಬಿಡಿಯಾಗಿದ್ದ 12ನೇ ಶತಮಾನದ ವಚನಗಳನ್ನು ಶೂನ್ಯಸಂಪಾದನಕಾರರು ಸಂವಾದದ ಚೌಕಟ್ಟಿನೊಳಗೆ ಕೂಡಿಸಿದರು. ಅಲ್ಲಮ ಕೇಳಿದ, ಅಕ್ಕ ಉತ್ತರಿಸಿದಳು ಎಂಬಂತೆ. ಒಂಟಿಯಾಗಿ ಓದಿದಾಗ ಒಂದು ಅರ್ಥ ಕೊಡುವ ವಚನ ಅಲ್ಲಿ ಉತ್ತರವಾಗಿ ನಿಂತಾಗ ಬೇರೆ ಅರ್ಥ ಕೊಡುತ್ತದೆ. ಸಂಪಾದನೆ ಎಂಬುದು ಎಂದೂ ಬರೀ ಸಂಗ್ರಹವಾಗಿರಲಿಲ್ಲ.

ಕಂಪ್ಯೂಟರಿನ ಕಡೆಗೆ ಬರೋಣ. ವೆಬ್‌ನ ಮೊದಲ ಪುಟಗಳು ಗೋಡೆಗೆ ಅಂಟಿಸಿದ ಪೋಸ್ಟರಿನಂತಿದ್ದವು. ಬರೆದದ್ದು ಬರೆದಹಾಗೆ. 1993ರಲ್ಲಿ ಸಿಜಿಐ ಎಂಬ ಒಪ್ಪಂದ ಬಂದು, ಓದುಗ ಕೇಳಿದಾಗ ಒಂದು ಪ್ರೋಗ್ರಾಂ ಓಡಿ ಪುಟವನ್ನು ಆಗಲೇ ಸಿದ್ಧಪಡಿಸುವುದು ಸಾಧ್ಯವಾಯಿತು. 1995ರಲ್ಲಿ ಪಿಎಚ್‌ಪಿ ಬಂದಮೇಲೆ ಪುಟದೊಳಗೇ ಪ್ರೋಗ್ರಾಂ ಬರೆಯುವುದು ಸುಲಭವಾಯಿತು. ಸುಲಭವಾದದ್ದು ಬೇಗ ಗೋಜಲೂ ಆಯಿತು. ದತ್ತಾಂಶ, ಲೆಕ್ಕ, ಅಲಂಕಾರ ಮೂರೂ ಒಂದೇ ಕಡತದಲ್ಲಿ ಕಲಸಿಹೋಗಿರುತ್ತಿದ್ದವು. ಇವನ್ನು ಬೇರೆಬೇರೆ ಇಡಬೇಕೆಂಬ ವಿಚಾರ ಹೊಸದೇನಲ್ಲ. ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ 1979ರಲ್ಲಿ, ವೆಬ್ ಹುಟ್ಟುವುದಕ್ಕೆ ಮೊದಲೇ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ‘ಮಾಡೆಲ್, ವ್ಯೂ, ಕಂಟ್ರೋಲರ್’ ಎಂಬ ವಿಂಗಡಣೆಯನ್ನು ರೂಪಿಸಿದ್ದರು. (ನಮಗೆ ಜೆರಾಕ್ಸ್ ಎಂದರೆ ಪುಟಕ್ಕೆ ಇಷ್ಟು ರೂಪಾಯಿ ಎಂಬ ಅಂಗಡಿ. ಅದೇ ಕಂಪನಿಯ ಇನ್ನೊಂದು ಕೋಣೆಯಲ್ಲಿ ಇದೂ ನಡೆದಿತ್ತು.) 2004ರಲ್ಲಿ ಡೇವಿಡ್ ಹೈನೆಮೈಯರ್ ಹ್ಯಾನ್ಸನ್ ಬಿಡುಗಡೆ ಮಾಡಿದ ರೂಬಿ ಆನ್ ರೈಲ್ಸ್ ಈ ವಿಂಗಡಣೆಯನ್ನು ವೆಬ್‌ನಲ್ಲಿ ಮನೆಮಾತಾಗಿಸಿತು.

ಜ್ಯಾಂಗೊ ಹುಟ್ಟಿದ್ದು ಅದೇ ಕಾಲದಲ್ಲಿ, ಆದರೆ ಸಾಫ್ಟ್‌ವೇರ್ ಕಂಪನಿಯಲ್ಲಲ್ಲ. ಕ್ಯಾನ್ಸಸ್‌ನ ಲಾರೆನ್ಸ್ ಒಂದು ಲಕ್ಷ ಜನರೂ ಇಲ್ಲದ ಊರು, ನಮ್ಮ ತುಮಕೂರಿಗಿಂತ ಚಿಕ್ಕದು. ಅಲ್ಲಿನ ಸ್ಥಳೀಯ ಪತ್ರಿಕೆ ‘ಲಾರೆನ್ಸ್ ಜರ್ನಲ್-ವರ್ಲ್ಡ್’. 2003ರಲ್ಲಿ ಅದರ ವೆಬ್ ವಿಭಾಗದಲ್ಲಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಇಂಗ್ಲೆಂಡಿನಿಂದ ತರಬೇತಿಗೆ ಬಂದಿದ್ದ ವಿದ್ಯಾರ್ಥಿ ಸೈಮನ್ ವಿಲ್ಲಿಸನ್ ಪಿಎಚ್‌ಪಿ ಬಿಟ್ಟು ಪೈಥಾನ್ ಭಾಷೆಯಲ್ಲಿ ಕೆಲಸ ಶುರುಮಾಡಿದರು. ಪತ್ರಿಕೆಯ ಕೆಲಸಕ್ಕೆ ಗಡುವು ದೊಡ್ಡದು. ಸುದ್ದಿಮನೆಯವರು ಇಂದು ಕೇಳಿದ್ದನ್ನು ಕೆಲವೊಮ್ಮೆ ಗಂಟೆಗಳಲ್ಲಿ, ಹೆಚ್ಚೆಂದರೆ ದಿನಗಳಲ್ಲಿ ಕಟ್ಟಿಕೊಡಬೇಕು. ಹಾಗೆ ಮತ್ತೆಮತ್ತೆ ಕಟ್ಟುವಾಗ ಸಾಮಾನ್ಯವಾಗಿ ಬೇಕಾಗುತ್ತಿದ್ದ ಭಾಗಗಳನ್ನು ಪ್ರತ್ಯೇಕವಾಗಿ ತೆಗೆದಿಡುತ್ತ ಹೋದರು. 2005ರ ಜುಲೈನಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಹೆಸರು ಜಾಝ್ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್‌ನದು. 1928ರ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಸ್ವಾಧೀನ ತಪ್ಪಿದರೂ ಉಳಿದ ಬೆರಳುಗಳಲ್ಲೇ ಹೊಸ ವಾದನ ಶೈಲಿಯನ್ನು ಕಂಡುಕೊಂಡವನು ಆತ.

ಪತ್ರಿಕಾ ಕಚೇರಿಯಲ್ಲಿ ಹುಟ್ಟಿದ್ದರ ಗುರುತುಗಳು ಜ್ಯಾಂಗೊದ ಮೈಮೇಲೆ ಇಂದಿಗೂ ಇವೆ. ಅದರ ದೊಡ್ಡ ಆಕರ್ಷಣೆ ‘ಅಡ್ಮಿನ್’ ಎಂಬ ಸಿದ್ಧ ಕೋಣೆ. ಪ್ರೋಗ್ರಾಂ ಬಾರದ ಉಪಸಂಪಾದಕನೂ ಫಾರಂ ತುಂಬಿ ಸುದ್ದಿ ಸೇರಿಸಲಿ ಎಂದು ಮಾಡಿದ್ದು. ‘ಸ್ಲಗ್’ ಎಂಬ ಮಾತೂ ಪತ್ರಿಕೆಯದೇ. ಅಚ್ಚುಮೊಳೆಯ ಕಾಲದಲ್ಲಿ ಸೀಸದ ಒಂದು ಸಾಲಿಗೆ ಸ್ಲಗ್ ಎನ್ನುತ್ತಿದ್ದರು. ಆಮೇಲೆ ಸುದ್ದಿಮನೆಯಲ್ಲಿ ಒಂದು ವರದಿಯನ್ನು ಗುರುತಿಸಲು ಇಡುವ ಚುಟುಕು ಹೆಸರಿಗೆ ಆ ಮಾತು ಅಂಟಿಕೊಂಡಿತು. ಇಂಗ್ಲಿಷ್ ಸುದ್ದಿಮನೆಯ ಚುಟುಕು ಹೆಸರಿಗೆ 26 ಅಕ್ಷರ, 10 ಅಂಕಿ, ಒಂದು ಅಡ್ಡಗೆರೆ ಧಾರಾಳವಾಗಿ ಸಾಕು. ‘ಗಬಬ’ದ ಅರ್ಧ ಕಾರಣ ಇದು.

ಇನ್ನರ್ಧ ಪೈಥಾನ್ ಭಾಷೆಯ ಒಳಗಿದೆ. ಯುನಿಕೋಡ್ ತನ್ನ ಪ್ರತಿಯೊಂದು ಸಂಕೇತಕ್ಕೂ ಒಂದು ವರ್ಗ ಕೊಟ್ಟಿದೆ. ‘ಗ’ ಅಕ್ಷರ ವರ್ಗ, ‘ು’ ಗುರುತು ವರ್ಗ. ಪಠ್ಯದಲ್ಲಿ ವಿನ್ಯಾಸಗಳನ್ನು ಹುಡುಕುವ ಪೈಥಾನಿನ ಉಪಕರಣ ‘ಪದದ ಭಾಗ’ ಎಂದು ಒಪ್ಪುವುದು ಅಕ್ಷರ ಮತ್ತು ಅಂಕಿ ವರ್ಗಗಳನ್ನು ಮಾತ್ರ. ತಮಾಷೆಯೆಂದರೆ ಇದೇ ಪೈಥಾನಿಗೆ ಕನ್ನಡ ಅಂಕಿ ಗೊತ್ತು. ‘೧೯೦೪’ ಎಂದು ಕೊಟ್ಟರೆ 1904 ಎಂದು ಲೆಕ್ಕ ಹಿಡಿಯುತ್ತದೆ. ಪ್ರೋಗ್ರಾಮಿನ ಚರಾಂಶಗಳಿಗೆ ‘ಹೆಸರು’, ‘ಶಾಸನ’ ಎಂದು ಕನ್ನಡದಲ್ಲೇ ಹೆಸರಿಟ್ಟರೂ ಕೊಂಬು ಕೆಡದಂತೆ ಒಪ್ಪಿಕೊಳ್ಳುತ್ತದೆ. ಒಂದೇ ಮನೆಯಲ್ಲಿ ಒಬ್ಬರು ಬಾ ಎನ್ನುತ್ತಾರೆ, ಇನ್ನೊಬ್ಬರು ಬಾಗಿಲು ಹಾಕುತ್ತಾರೆ.

ಲಾರೆನ್ಸ್‌ನಲ್ಲಿ ಈ ಕೆಲಸ ನಡೆಯುತ್ತಿದ್ದಾಗ ಕನ್ನಡ ಎಲ್ಲಿತ್ತು? ಹಿಂದೆ ಬಿದ್ದಿತ್ತು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೆ. ಪಿ. ರಾವ್ ಅವರ ‘ಸೇಡಿಯಾಪು’ ತಂತ್ರಾಂಶ ಮತ್ತು ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಅಷ್ಟುಹೊತ್ತಿಗೆ ಬಂದು ವರ್ಷಗಳಾಗಿದ್ದವು. ‘ಎಫ್’ ಕೀಲಿ ಒತ್ತಿದರೆ ಒತ್ತಕ್ಷರ ಎಂಬುದು ಇವತ್ತು ಪ್ರತಿ ಡಿಟಿಪಿ ಅಂಗಡಿಯವರ ಬೆರಳಿಗೆ ಗೊತ್ತು. ಆ ವಿನ್ಯಾಸದಲ್ಲಿ ಕನ್ನಡ ವ್ಯಾಕರಣದ ತಿಳಿವಳಿಕೆ ಇತ್ತು, ಸ್ವರವ್ಯಂಜನ ಕೂಡಿ ಅಕ್ಷರವಾಗುವ ಕ್ರಮವೇ ಬೆರಳಿನ ಕ್ರಮವಾಗಿತ್ತು. ಯು. ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲೇ ಅಂತರಜಾಲ ಪತ್ರಿಕೆಯಾಗಿ ಬಂದಿತ್ತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’.

ತೊಡಕು ಇದ್ದದ್ದು ಬೇರೆ ಕಡೆ. ಆಗಿನ ನುಡಿ, ಬರಹಗಳಲ್ಲಿ ಬೆರಳಚ್ಚಿಸಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದು ಫಾಂಟ್ ತೆಗೆದುಬಿಟ್ಟರೆ ಕಾಣುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೊಂದು ಓರೆಗೀಟಿನ ಎ, ನ-ಒತ್ತಿನ ಜಾಗದಲ್ಲಿ ಜರ್ಮನ್ನರ ಜೋಡಿ ಎಸ್. (ಕಿಟೆಲ್ ಸಾಹೇಬರ ಊರಿನ ಅಕ್ಷರ ಹೀಗೂ ಕನ್ನಡಕ್ಕೆ ದುಡಿಯಿತು!) ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂರಿಸಿದ ವ್ಯವಸ್ಥೆ ಅದು. ಪುಸ್ತಕ ಅಚ್ಚುಹಾಕಲು ಏನೂ ತೊಂದರೆಯಿಲ್ಲ. ಹುಡುಕಲು, ವಿಂಗಡಿಸಲು, ವೆಬ್‌ನಲ್ಲಿ ಹಂಚಲು ಮಾತ್ರ ಆಗದು. ಯುನಿಕೋಡಿನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ 128 ಮನೆಗಳು ಮಂಜೂರಾಗಿದ್ದವು. ಆದರೆ ಮನೆಗೆ ಹೋಗಲು ದಾರಿ ಬೇಕಲ್ಲ? ಜನಸಾಮಾನ್ಯರ ಕಂಪ್ಯೂಟರಿಗೆ ಕನ್ನಡ ಯುನಿಕೋಡ್ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ, ‘ತುಂಗಾ’ ಎಂಬ ಫಾಂಟಿನೊಡನೆ. ಅಂಗಡಿಗಳಂತೂ ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಅಚ್ಚುಮನೆಯ ಪೇಜ್‌ಮೇಕರಿಗೆ ಅದೇ ಬೇಕಿತ್ತು.

ಇದರ ಬೆಲೆ ತೆತ್ತವರು ಸಂಶೋಧನಾ ವಿದ್ಯಾರ್ಥಿಗಳು. ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚಾಗಿ ಪಿಡಿಎಫ್ ಆಗಿ ಭಂಡಾರ ಸೇರಿದ ಕನ್ನಡ ಪ್ರಬಂಧದೊಳಗೆ ‘ಎಡೆಯೂರು’ ಎಂದು ಹುಡುಕಿದರೆ ಸಿಗುವುದು ಸೊನ್ನೆ. ಐದು ವರ್ಷ ಹಳ್ಳಿಹಳ್ಳಿ ತಿರುಗಿ ಬರೆದ ಕೃತಿ ಪುಟ ತಿರುವುವ ಕಣ್ಣಿಗೆ ಮಾತ್ರ ತೆರೆದಿದೆ. ಪರಿವರ್ತಕಗಳಿವೆ, ಅವುಗಳನ್ನು ಬರೆದು ಉಚಿತವಾಗಿ ಕೊಟ್ಟ ಕನ್ನಡದ ಹುಡುಗರಿಗೆ ನಾವು ಋಣಿಗಳು. ಆದರೆ ಕೆಲಸ ಅಕ್ಷರಕ್ಕೆ ಅಕ್ಷರ ಬದಲಿಸುವಷ್ಟು ಸರಳವಲ್ಲ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಆಮೇಲೆ ಬರುತ್ತದೆ, ಯುನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮೊದಲು. ಒಂದು ಜಾಗದಲ್ಲಿ ಹಿಂದುಮುಂದಾದರೆ ಪದವೇ ಬೇರೆ.

ಯುನಿಕೋಡಿನ ನೆಲೆ ಗಟ್ಟಿಯಾದಮೇಲೆ ಕನ್ನಡದ ವೆಬ್ ಯೋಜನೆಗಳು ಸಿದ್ಧ ಚೌಕಟ್ಟುಗಳನ್ನು ಬಳಸತೊಡಗಿದವು. ಕನ್ನಡ ವಿಕಿಪೀಡಿಯ 2003ರಲ್ಲಿ ಮೀಡಿಯಾವಿಕಿಯ ಮೇಲೆ ಶುರುವಾಯಿತು. ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’ 2005ರಲ್ಲಿ ಡ್ರೂಪಾಲ್ ಮೇಲೆ ನಿಂತಿತು. ಅಲ್ಲಿ ಬರೆಯುತ್ತಲೇ ಯುನಿಕೋಡ್ ಕಲಿತವರ ಒಂದು ತಲೆಮಾರೇ ಇದೆ. ಒ. ಎಲ್. ನಾಗಭೂಷಣ ಸ್ವಾಮಿ, ಓಂಶಿವಪ್ರಕಾಶ್ ಮತ್ತು ಗೆಳೆಯರ ‘ವಚನ ಸಂಚಯ’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಎಂ. ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ದಲ್ಲಿದ್ದ ವಚನರಾಶಿಯನ್ನು ಪದಪದವಾಗಿ ಹುಡುಕುವಂತೆ ಮಾಡಿತು. ‘ಬಯಲು’ ಎಂಬ ಮಾತು ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ನೋಡಲು ಮೊದಲು ತಿಂಗಳುಗಳು ಬೇಕಿದ್ದವು. ನನ್ನ ಮಟ್ಟಿಗೆ ಕಳೆದ ಎರಡು ದಶಕಗಳ ಕನ್ನಡ ಸಂಶೋಧನೆಯ ದೊಡ್ಡ ಘಟನೆಗಳಲ್ಲಿ ಇದೂ ಒಂದು. ವಿಶ್ವವಿದ್ಯಾಲಯಗಳ ಹೊರಗೆ ನಡೆದದ್ದರಿಂದ ನಮ್ಮ ವಿಚಾರ ಸಂಕಿರಣಗಳಲ್ಲಿ ಅದರ ಹೆಸರು ಕೇಳುವುದು ಅಪರೂಪ.

ಈಗ ಶುರುಮಾಡುವುದರ ಮಾತು. ನನ್ನ ಕೆಲಸ ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಶಾಸನಗಳ ಮೇಲೆ. ಕಾರ್ಡುಗಳಲ್ಲಿ, ಆಮೇಲೆ ಎಕ್ಸೆಲ್ ಹಾಳೆಯಲ್ಲಿ ಇದ್ದದ್ದನ್ನು ಊರಿನ ಶಾಲೆಯ ಮೇಷ್ಟ್ರೂ ತೆರೆದು ನೋಡುವಂತಾಗಬೇಕು ಎಂದು ಜ್ಯಾಂಗೊ ಕಡೆ ಹೋದೆ. ಶುರುವಾತು ಅಂದುಕೊಂಡಷ್ಟು ಭಯಂಕರವಲ್ಲ. ಪೈಥಾನ್ ಹಾಕಿಕೊಳ್ಳಬೇಕು, ಈ ಕೆಲಸಕ್ಕೇ ಒಂದು ಪ್ರತ್ಯೇಕ ಕೋಣೆ (ಅದಕ್ಕೆ ವರ್ಚುವಲ್ ಎನ್ವಿರಾನ್‌ಮೆಂಟ್ ಎನ್ನುತ್ತಾರೆ) ಮಾಡಿಕೊಳ್ಳಬೇಕು, ‘ಪಿಪ್’ ಎಂಬ ತರಿಸುವವನಿಂದ ಜ್ಯಾಂಗೊವನ್ನು ತರಿಸಬೇಕು, ‘ಸ್ಟಾರ್ಟ್‌ಪ್ರಾಜೆಕ್ಟ್’ ಎನ್ನಬೇಕು. ಆಮೇಲೆ ‘ರನ್‌ಸರ್ವರ್’ ಎಂದರೆ ನಿಮ್ಮದೇ ಕಂಪ್ಯೂಟರಿನ 8000ನೇ ಬಾಗಿಲಲ್ಲಿ ಪುಟ ತೆರೆದುಕೊಳ್ಳುತ್ತದೆ. ಸೆಟ್ಟಿಂಗ್ಸ್ ಕಡತದಲ್ಲಿ ಭಾಷೆಯ ಜಾಗದಲ್ಲಿ ‘ಕೆಎನ್’ ಎಂಬ ಎರಡಕ್ಷರ ಹಾಕಿದರೆ ಅಡ್ಮಿನ್ ಕೋಣೆ ಅಲ್ಲಲ್ಲಿ ಕನ್ನಡ ಮಾತಾಡುತ್ತದೆ, ಯಾರೋ ಕುಳಿತು ಅನುವಾದಿಸಿಕೊಟ್ಟಿದ್ದಾರೆ. 2017ರ ಡಿಸೆಂಬರ್‌ನಲ್ಲಿ ಬಂದ ಜ್ಯಾಂಗೊ 2.0ದಿಂದೀಚೆಗೆ ಪೈಥಾನ್ 3 ಕಡ್ಡಾಯ. ಅದರಲ್ಲಿ ಪಠ್ಯವೆಲ್ಲ ಹುಟ್ಟಿನಿಂದಲೇ ಯುನಿಕೋಡ್. ಹೀಗಾಗಿ ಹತ್ತು ಹದಿನೈದು ವರ್ಷ ಹಿಂದಿನವರು ಪಟ್ಟ ಪಾಡು ಇಂದಿನ ಹೊಸಬರಿಗಿಲ್ಲ.

ನಿಜವಾದ ಕೆಲಸ ‘ಮಾಡೆಲ್’ ಬರೆಯುವಾಗ ಶುರುವಾಗುತ್ತದೆ. ಮಾಡೆಲ್ ಎಂದರೆ ನಮ್ಮ ಲೋಕದಲ್ಲಿ ಏನೇನಿದೆ, ಒಂದಕ್ಕೊಂದು ಏನು ಸಂಬಂಧ ಎಂಬ ಪಟ್ಟಿ. ಇಲ್ಲಿ ನನಗೆ ಗುರುವಾದದ್ದು ಬಿ. ಎಲ್. ರೈಸ್. ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟ, ತುಮಕೂರು ಜಿಲ್ಲೆಯದು, 1904ರಲ್ಲಿ ಬಂತು. ರೈಸ್ ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಪ್ರತಿ ತಾಲ್ಲೂಕಿನಲ್ಲೂ ಒಂದರಿಂದ ಶುರುಮಾಡಿ ಸಂಖ್ಯೆ ಕೊಟ್ಟ. ಗುಬ್ಬಿಗೆ ಎರಡಕ್ಷರದ ಸಂಕೇತ, ಕುಣಿಗಲ್ಲಿಗೆ ಎರಡಕ್ಷರ. ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಆ ಸಂಖ್ಯೆಗೆ ಕಟ್ಟಿಬಿದ್ದಿರುತ್ತವೆ. ದತ್ತಾಂಶದವರು ಇವತ್ತು ‘ಪ್ರೈಮರಿ ಕೀ’ ಎನ್ನುವುದು ಇದನ್ನೇ. ತಾಲ್ಲೂಕಿನ ಗಡಿ ಸರಿಯಬಹುದು, ಕಲ್ಲು ದೇವಸ್ಥಾನದ ಪ್ರಾಕಾರದಿಂದ ಯಾರದೋ ಹಿತ್ತಿಲಿಗೆ ಹೋಗಬಹುದು, ರೈಸ್‌ನ ಸಂಖ್ಯೆ ಮಾತ್ರ ಕದಲುವುದಿಲ್ಲ. ಹಾಗಾಗಿ ‘ಊರು’ ಒಂದು ಮಾಡೆಲ್, ‘ಶಾಸನ’ ಇನ್ನೊಂದು, ಒಂದು ಊರಿಗೆ ಹಲವು ಶಾಸನ. ಇಷ್ಟನ್ನು ಪೈಥಾನಿನಲ್ಲಿ ಬರೆದು ‘ಮೈಗ್ರೇಟ್’ ಎಂದರೆ ಎಸ್‌ಕ್ಯೂಲೈಟ್ ಕಪಾಟಿನಲ್ಲಿ ಖಾನೆಗಳು ತಾವಾಗಿ ಸಿದ್ಧವಾಗುತ್ತವೆ.

ಕಾಲದ ಖಾನೆಗೆ ಬಂದಾಗ ಫ್ರೇಮ್‌ವರ್ಕ್ ಮತ್ತೆ ಪತ್ರಿಕಾ ಕಚೇರಿಯ ಮಗುವಾಗುತ್ತದೆ. ಅದರ ದಿನಾಂಕದ ಖಾನೆಗೆ ವರ್ಷ, ತಿಂಗಳು, ದಿನ ಮೂರೂ ಬೇಕು. ಸುದ್ದಿಗೆ ಮೂರೂ ಇರುತ್ತವೆ. ಶಾಸನಕ್ಕೆ? ಒಂದರಲ್ಲಿ ಶಕವರ್ಷ ಇರುತ್ತದೆ, ಸಂವತ್ಸರ ಇರುತ್ತದೆ, ತಿಥಿ ಸವೆದಿರುತ್ತದೆ. ಇನ್ನೊಂದರಲ್ಲಿ ಬರೀ ಸಂವತ್ಸರದ ಹೆಸರು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುವುದರಿಂದ ಅದು ಯಾವ ಸುತ್ತಿನದು ಎಂಬುದನ್ನು ಲಿಪಿಯ ಸ್ವರೂಪದಿಂದ, ಅರಸನ ಹೆಸರಿನಿಂದ ಊಹಿಸಬೇಕು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಎಂಬ ಸೂತ್ರವೂ ಪೂರ್ತಿ ನಂಬಿಕೆಯದಲ್ಲ. ಮಾಘ, ಫಾಲ್ಗುಣದ ಹೊತ್ತಿಗೆ ಕ್ರಿಸ್ತಶಕದ ವರ್ಷ ಬದಲಾಗಿರುವುದರಿಂದ ಅಲ್ಲಿ ಸಾಮಾನ್ಯವಾಗಿ 79. ಗೊತ್ತಿಲ್ಲದ ತಿಥಿಯ ಜಾಗದಲ್ಲಿ ಜನವರಿ 1 ಎಂದು ತುಂಬಿಬಿಟ್ಟರೆ ಫ್ರೇಮ್‌ವರ್ಕಿಗೆ ಸಮಾಧಾನ, ಓದುಗನಿಗೆ ಸುಳ್ಳು. ಹತ್ತು ವರ್ಷದ ಮೇಲೆ ಯಾರೋ ಆ ಜನವರಿ 1ನ್ನು ಉಲ್ಲೇಖಿಸುತ್ತಾರೆ. ನಾನು ದಿನಾಂಕದ ಖಾನೆಯನ್ನೇ ಕೈಬಿಟ್ಟು, ಶಾಸನ ಹೇಳುವ ಕಾಲವನ್ನು ಅದರ ಮಾತಿನಲ್ಲೇ ಒಂದು ಖಾನೆಯಲ್ಲಿ, ‘ಇದಕ್ಕಿಂತ ಹಿಂದಿನದಲ್ಲ’, ‘ಇದಕ್ಕಿಂತ ಈಚಿನದಲ್ಲ’ ಎಂಬ ಎರಡು ವರ್ಷಗಳನ್ನು ಬೇರೆ ಎರಡು ಖಾನೆಗಳಲ್ಲಿ ಇಟ್ಟೆ. ಕೊನೆಯ ಎರಡು ನನ್ನ ತೀರ್ಮಾನ, ಮೊದಲನೆಯದು ಕಲ್ಲಿನದು.

ಅಕಾರಾದಿಯದು ಇನ್ನೊಂದು ಕತೆ. ಊರುಗಳನ್ನು ವಿಂಗಡಿಸು ಎಂದರೆ ಕಪಾಟು ಯುನಿಕೋಡಿನ ಮನೆಸಂಖ್ಯೆಯ ಪ್ರಕಾರ ಜೋಡಿಸುತ್ತದೆ. ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದ ಕ್ರಮವೊಂದನ್ನು ಭಾರತದ 1988ರ ಇಸ್ಕಿ ಶಿಷ್ಟತೆಯಿಂದ ಯುನಿಕೋಡ್ ತೆಗೆದುಕೊಂಡಿತು. ಅದರಲ್ಲಿ ಳ ಅಕ್ಷರ ಲದ ಪಕ್ಕದಲ್ಲಿದೆ. ನಮ್ಮ ವರ್ಣಮಾಲೆಯಲ್ಲಿ ಳ ಹಕಾರದ ನಂತರ, ಕೊನೆಯಲ್ಲಿ. ಆದ್ದರಿಂದ ‘ಕಳಸ’ ಎಂಬುದು ‘ಕವಿ’ಗಿಂತ ಮೊದಲೇ ಬಂದು ಕೂರುತ್ತದೆ. ಹಳಗನ್ನಡದ ೞ ಇನ್ನೂ ದೂರ, ಕಾಗುಣಿತದ ಗುರುತುಗಳನ್ನೆಲ್ಲ ದಾಟಿದ ಮೇಲೆ. ಯುನಿಕೋಡಿನ ಕಡತದಲ್ಲಿ ಈ ೞಕಾರದ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’! ಯಾರೋ ಆಗ ಮಾಡಿದ ಗೊಂದಲ. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲ ಎಂಬುದು ಯುನಿಕೋಡಿನ ನಿಯಮ, ಹಾಗಾಗಿ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ ಸುಮ್ಮನಾಗಿದ್ದಾರೆ. ಶಾಸನಗಳಲ್ಲಿ ೞ, ಱ ಎರಡೂ ಬರುವುದರಿಂದ ಇದು ಬರೀ ಕುತೂಹಲದ ವಿಷಯವಲ್ಲ. ಒಂದು ಶಾಸನದಲ್ಲಿ ೞ ಉಳಿದಿದೆಯೆ, ಳ ಆಗಿದೆಯೆ ಎಂಬುದು ಅದರ ಕಾಲನಿರ್ಣಯಕ್ಕೆ ಒಂದು ಆಧಾರ. ಬೆರಳಚ್ಚಿಸುವವರು ‘ಇದು ಹಳೇ ಳ’ ಎಂದು ಸರಿಮಾಡಿಬಿಟ್ಟರೆ ಆಧಾರವೇ ಅಳಿಯಿತು. ಪೋಸ್ಟ್‌ಗ್ರೆಸ್‌ನಂಥ ದೊಡ್ಡ ಕಪಾಟುಗಳಿಗೆ ಕನ್ನಡದ ಕ್ರಮ ಬೇಕೆಂದು ಹೇಳಿಕೊಡಲು ದಾರಿಯಿದೆ. ನಾನು ಸಣ್ಣ ಕಪಾಟಿನಲ್ಲೇ ಇದ್ದೇನೆ. ಪ್ರತಿ ಹೆಸರನ್ನೂ ನಮ್ಮ ವರ್ಣಮಾಲೆಯ ಕ್ರಮಸಂಖ್ಯೆಗಳಾಗಿ ಬಿಡಿಸಿ ಬರೆದ ಒಂದು ಗುಪ್ತ ಖಾನೆ ಇಟ್ಟು ಅದರ ಮೇಲೆ ವಿಂಗಡಿಸುತ್ತೇನೆ. ಇಪ್ಪತ್ತು ಸಾಲಿನ ಪ್ರೋಗ್ರಾಂ.

ಹುಡುಕಾಟದಲ್ಲಿ ಒಂದು ಎಚ್ಚರ ಬೇಕು. ‘ೋ’ ಎಂಬ ಗುರುತನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಎಂದು ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಒಳಗೆ ಬಿಡುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ‘ನಾರ್ಮಲೈಸ್’ ಎಂಬ ಹೆಜ್ಜೆ ಪೈಥಾನಿನಲ್ಲೇ ಸಿದ್ಧವಿದೆ. ಬೇರೆಬೇರೆ ಕಡೆಯಿಂದ ಪಠ್ಯ ತರುವವರು ಇದನ್ನು ಮೊದಲ ದಿನವೇ ಮಾಡಬೇಕು.

ಇನ್ನು ‘ಗಬಬ’. ಗುರುತುಗಳನ್ನೂ ಉಳಿಸುವ ನಮ್ಮದೇ ಸ್ಲಗಿಫೈ ಬರೆದುಕೊಳ್ಳುವುದು ಕಷ್ಟವಲ್ಲ. ಆಗ ವಿಳಾಸದಲ್ಲಿ ‘ಗುಬ್ಬಿ’ ಎಂದೇ ಕಾಣುತ್ತದೆ. ಆದರೆ ಆ ವಿಳಾಸವನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದಾಗ ಅದು ಶೇಕಡಾ ಚಿಹ್ನೆಗಳ ಸರಮಾಲೆಯಾಗುವುದುಂಟು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು, ಒಂದೊಂದು ಬೈಟಿಗೂ 3 ಚಿಹ್ನೆ. ‘ಗುಬ್ಬಿ’ಯಲ್ಲಿ 6 ಸಂಕೇತ, ಒಟ್ಟು 54 ಚಿಹ್ನೆ. ಮೂರಕ್ಷರವೂ ಇಲ್ಲದ ಊರಿಗೆ 54 ಚಿಹ್ನೆಯ ಬಾಲ. ಸ್ವಾಭಿಮಾನಕ್ಕಾಗಿ ಅದನ್ನೇ ಇಟ್ಟುಕೊಳ್ಳಬೇಕೆನ್ನುವ ಗೆಳೆಯರಿದ್ದಾರೆ, ಅವರ ಮಾತಿಗೂ ತೂಕವಿದೆ. ನಾನು ವಿಳಾಸದಲ್ಲಿ ರೈಸ್‌ನ ಎರಡಕ್ಷರ ಮತ್ತು ಸಂಖ್ಯೆಯನ್ನಷ್ಟೇ ಇಟ್ಟೆ. ಊರಿನ ಹೆಸರು ಪುಟದ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ ಕನ್ನಡದಲ್ಲೇ ಇದೆ. ಶಾಸನಶಾಸ್ತ್ರದವರಿಗೆ ಆ ಸಂಖ್ಯೆ ಮೊದಲೇ ಬಾಯಿಪಾಠ, ಮೇಷ್ಟ್ರಿಗೆ ವಿಳಾಸ ಓದುವ ಅಭ್ಯಾಸವಿಲ್ಲ.

ಉಳಿದಿರುವುದು ಇದನ್ನು ಬಾಳಿಸುವ ಪ್ರಶ್ನೆ. ಜ್ಯಾಂಗೊದ ದೀರ್ಘಾವಧಿ ಬೆಂಬಲದ ಆವೃತ್ತಿಗೂ ಸುಮಾರು 3 ವರ್ಷದ ಆಯುಸ್ಸು, ಆಮೇಲೆ ಹೊಸದಕ್ಕೆ ಏರಬೇಕು. ಸರ್ವರಿಗೆ ತಿಂಗಳ ಬಾಡಿಗೆ, ಡೊಮೇನಿಗೆ ವರ್ಷದ ಬಾಡಿಗೆ. ಫೆಲೋಶಿಪ್ ಮುಗಿದಮೇಲೆ ಇವನ್ನು ಯಾರು ಕಟ್ಟುತ್ತಾರೆ? ಅದಕ್ಕಾಗಿ ಪ್ರತಿ ತಿಂಗಳ ಕೊನೆಗೆ ಎಲ್ಲ ಖಾನೆಗಳನ್ನೂ ಸಾದಾ ಪಠ್ಯದ ಕಡತವಾಗಿ ಇಳಿಸಿ ಮೂರು ಕಡೆ ಇಡುತ್ತಿದ್ದೇನೆ, ಒಂದು ಪ್ರತಿಯನ್ನು ಮುದ್ರಿಸಿಯೂ ಇಟ್ಟಿದ್ದೇನೆ. ಗುಬ್ಬಿಯ ಸಂಖ್ಯೆಗಳು ಸೇರಿಯಾಗಿವೆ. ಕುಣಿಗಲ್ಲಿನವು ಅರ್ಧಕ್ಕೆ ಬಂದಿವೆ. ಅಲ್ಲಿ ೞಕಾರ ಕಂಡಲ್ಲೆಲ್ಲ ರೈಸ್‌ನ ಪಾಠವನ್ನು ಕಲ್ಲಿನ ಛಾಯಾಚಿತ್ರದ ಜೊತೆ ಹೋಲಿಸಬೇಕಾಗಿರುವುದರಿಂದ ಕೆಲಸ ನಿಧಾನ.